ಅಜ್ಜನ ರಿವಾಲ್ವರ್: ಬರ್ಮಿಂಗ್‌ಹ್ಯಾಮಿನದೆಷ್ಟು, ಕಾನ್ಪುರದ್ದೆಷ್ಟು?

ಪ್ರಶ್ನೆ: ನಮ್ಮ ಅಜ್ಜ ಸೇನೆಯಲ್ಲಿ ಸುಬೇದಾರರಾಗಿದ್ದವರು. ನಿವೃತ್ತಿಯಾದ ಮೇಲೆ, 1950ರ ದಶಕದಲ್ಲಿ, ಲೈಸೆನ್ಸ್ ಮಾಡಿಸಿ ಒಂದು .32 ವೆಬ್ಲಿ ಅಂಡ್ ಸ್ಕಾಟ್ ರಿವಾಲ್ವರ್ ಕೊಂಡಿದ್ದರು. ಅಪ್ಪನ ನಂತರ ಅದೀಗ ಕಾನೂನು ಪ್ರಕಾರ ನನ್ನ ಹೆಸರಿಗೆ ಬಂದಿದೆ. ನಡುವೆ ಅಪ್ಪ ಒಮ್ಮೆ ಎಲ್ಲಿಯೋ ರಿಪೇರಿಗೆ ಕೊಟ್ಟಿದ್ದರು, ಏನು ಮಾಡಿಸಿದರೋ ಗೊತ್ತಿಲ್ಲ. ಮೊನ್ನೆ ನೋಡಿದ ಸ್ನೇಹಿತರೊಬ್ಬರು "ಬ್ಯಾರೆಲ್ ಮಾತ್ರ ಇಂಗ್ಲೆಂಡಿನದು, ಸಿಲಿಂಡರ್ ಕಾನ್ಪುರದ್ದು, ಹಿಡಿ ಲೋಕಲ್" ಅಂದುಬಿಟ್ಟರು. ಕಾನ್ಪುರದ್ದು ಅಂದರೆ ಅಲ್ಲಿನ ಸರ್ಕಾರಿ ಆಯುಧ ಕಾರ್ಖಾನೆಯದು. ಹಿಡಿಯ ಬಣ್ಣ ಕಪ್ಪಿದ್ದದ್ದು ಕಂದಾಗಿದೆ ಎನ್ನುವುದು ಅವರ ಸಾಕ್ಷಿ. ಬಿಡಿಭಾಗ ವಿದೇಶದ್ದೋ ನಮ್ಮಲ್ಲೇ ಮಾಡಿದ್ದೋ ಎಂದು ಬರೀ ನೋಡಿ ಹೇಳಲು ಸಾಧ್ಯವೇ? — ವಿರಾಜಪೇಟೆ ಕಡೆಯ ಓದುಗರು

ಉತ್ತರ: ಸಾಧ್ಯ. ಆದರೆ ನಿಮ್ಮ ಸ್ನೇಹಿತರು ಹೇಳಿದ ರೀತಿಯಲ್ಲಿ ಅಲ್ಲ. ಹಿಡಿಯ ಬಣ್ಣ, ಹೊಳಪು, ತೂಕ ಇವೆಲ್ಲ ಮೊದಲು ಕಣ್ಣಿಗೆ ಬೀಳುವಂಥವು, ಅದಕ್ಕೇ ಹೆಚ್ಚು ಮೋಸ ಮಾಡುವಂಥವು. ಆರ್ಮರರ್ ಆಗಿ, ಅಂದರೆ ಆಯುಧಗಳ ದುರಸ್ತಿ ನೋಡಿಕೊಳ್ಳುವವನಾಗಿ, ಬಹಳ ವರ್ಷ ಇದೇ ಕೆಲಸ ಮಾಡಿದವನು ನಾನು. ಆಯುಧ ಕೈಗೆ ಬಂದರೆ ನಾನು ಮೊದಲು ನೋಡುವುದು ಅದನ್ನು ಮಾಡಿದವನು ಯಾರೂ ನೋಡಲಾರರು ಎಂದುಕೊಂಡು ಬಿಟ್ಟ ಜಾಗಗಳನ್ನು. ಹಿಡಿಯ ಅಡಿ, ಸಿಲಿಂಡರಿನ ಹಿಂಬದಿ, ಮಡಚಿ ತೆರೆದಾಗ ಕಾಣುವ ಒಳಮೂಲೆ, ಹೀಗೆ. ಹೊರಮೈಗೆ ಪಾಲಿಶ್ ಯಾರು ಬೇಕಾದರೂ ಹಾಕುತ್ತಾರೆ.

ಎಲ್ಲಕ್ಕಿಂತ ಮೊದಲು, ನಿಮಗೆ ಗೊತ್ತಿದ್ದರೂ ಹೇಳುತ್ತೇನೆ: ರಿವಾಲ್ವರ್ ತೆರೆದು ಸಿಲಿಂಡರಿನ ಆರೂ ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇವೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ವೆಬ್ಲಿ ಮೇಲಿನಿಂದ ಮಡಚಿಕೊಳ್ಳುವ ಜಾತಿಯದು. ಹೆಬ್ಬೆರಳಿಗೆ ಸಿಗುವ ಕ್ಯಾಚ್ ಒತ್ತಿದರೆ ಬ್ಯಾರೆಲ್ ಮುಂದಕ್ಕೆ ಬಾಗುತ್ತದೆ, ಖಾಲಿ ಕೇಸುಗಳನ್ನು ನಕ್ಷತ್ರದಾಕಾರದ ಎಕ್ಸ್‌ಟ್ರ್ಯಾಕ್ಟರ್ ತಾನಾಗಿ ಮೇಲೆತ್ತುತ್ತದೆ. ನೋಡಬೇಕಾದ ಮುಕ್ಕಾಲು ಪಾಲು ಹೀಗೆ ತೆರೆದರೇ ಕಾಣುತ್ತದೆ. ಒಳಗಿನ ಸ್ಕ್ರೂ ಬಿಚ್ಚುವ ಸಾಹಸ ಮನೆಯಲ್ಲಿ ಬೇಡ. ಒಳ್ಳೆಯ ಬೆಳಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸ್ವಲ್ಪ ಎಣ್ಣೆ ಹಚ್ಚಿದ ಹತ್ತಿಬಟ್ಟೆ ಇದ್ದರೆ ಸಾಕು.

ಈಗ ಗುರುತುಗಳ ವಿಷಯ. ಇಂಗ್ಲೆಂಡಿನಲ್ಲಿ ಪ್ರೂಫ್ ಹೌಸ್ ಎಂಬ ವ್ಯವಸ್ಥೆ ಇದೆ. ಮಾರಾಟಕ್ಕೆ ಹೋಗುವ ಪ್ರತಿ ಬಂದೂಕನ್ನೂ ಮಾಮೂಲಿಗಿಂತ ಜೋರಾದ ಗುಂಡು ಹಾರಿಸಿ ಪರೀಕ್ಷಿಸಿ, ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರ ಕಾನೂನಿನಿಂದ ಹುಟ್ಟಿದ್ದು. ಲಂಡನ್ನಿನದು ಅದಕ್ಕೂ ಹಳೆಯದು. ವೆಬ್ಲಿ ಬರ್ಮಿಂಗ್‌ಹ್ಯಾಮಿನ ಕಂಪನಿ. 1897ರಲ್ಲಿ ಮೂರು ಮನೆತನಗಳ ವ್ಯಾಪಾರ ಒಂದಾಗಿ 'ವೆಬ್ಲಿ ಅಂಡ್ ಸ್ಕಾಟ್' ಆಯಿತು. ಮೊದಲಿಗೆ ಹೆಸರಿನ ಜೊತೆ 'ರಿವಾಲ್ವರ್ ಅಂಡ್ ಆರ್ಮ್ಸ್ ಕಂಪನಿ' ಎಂಬ ಬಾಲವಿತ್ತು, 1906ರಲ್ಲಿ ಅದನ್ನು ಕತ್ತರಿಸಿ ಬರೀ 'ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್' ಎಂದು ಮಾಡಿದರು. ರೆಕ್ಕೆ ಮೂಡಿದ ಗುಂಡು ಅವರ ಟ್ರೇಡ್‌ಮಾರ್ಕ್.

1904ರಿಂದ 1954ರವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಒತ್ತುತ್ತಿದ್ದ ಮುದ್ರೆಗಳು ಮುಖ್ಯವಾಗಿ ಮೂರು. ಕಿರೀಟದ ಕೆಳಗೆ ಬಿ.ಪಿ., ಕಿರೀಟದ ಕೆಳಗೆ ಬಿ.ವಿ., ಕಿರೀಟದ ಕೆಳಗೆ ಎನ್.ಪಿ., ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ. 1954ರ ನಿಯಮಗಳು ಬಂದ ಮೇಲೆ ಇದೆಲ್ಲ ಹೋಗಿ ಕಿರೀಟ, ಅದರಡಿ ಬಿ.ಎನ್.ಪಿ. ಎಂಬ ಒಂದೇ ಮುದ್ರೆ, ಜೊತೆಗೆ ಎಷ್ಟು ಟನ್ ಒತ್ತಡ ತಡೆಯುತ್ತದೆ ಎಂಬ ಬರಹ ಬಂತು. ನಿಮ್ಮ ಅಜ್ಜ ಕೊಂಡದ್ದು 1950ರ ದಶಕದಲ್ಲಿ ಎನ್ನುತ್ತೀರಿ, ಅಂದರೆ ಎರಡರಲ್ಲಿ ಯಾವುದೂ ಇರಬಹುದು. ಆದರೆ ಬ್ಯಾರೆಲ್ ಮೇಲೆ ಹಳೆಯ ಮುದ್ರೆಗಳಿದ್ದು ಸಿಲಿಂಡರ್ ಮೇಲೆ ಬಿ.ಎನ್.ಪಿ. ಇದ್ದರೆ ಅವೆರಡೂ ಇಂಗ್ಲೆಂಡಿನವೇ ಆದರೂ ಒಟ್ಟಿಗೆ ಹುಟ್ಟಿದವಲ್ಲ. ಇಂಥದ್ದನ್ನು ಜನ ಮರೆಯುತ್ತಾರೆ. ಬದಲಾದ ಭಾಗ ಎಂದ ಕೂಡಲೇ ದೇಶೀ ಭಾಗ ಎಂದುಕೊಳ್ಳುತ್ತಾರೆ.

ಸಿಲಿಂಡರ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಜಗಳ ಇರುವುದೇ ಅಲ್ಲಿ. ಪ್ರೂಫ್ ಮಾಡುವವನಿಗೆ ಆರು ಚೇಂಬರ್ ಎಂದರೆ ಆರು ಬೇರೆ ಬೇರೆ ಪರೀಕ್ಷೆ. ಒಂದು ಚೇಂಬರ್ ತಡೆದುಕೊಂಡಿತು ಎಂದರೆ ಪಕ್ಕದ್ದೂ ತಡೆಯುತ್ತದೆ ಎಂದೇನಿಲ್ಲ. ಹಾಗಾಗಿ ಇಂಗ್ಲೆಂಡಿನ ರಿವಾಲ್ವರುಗಳಲ್ಲಿ ಸಿಲಿಂಡರಿನ ಸುತ್ತ ಒಂದೊಂದು ಚೇಂಬರಿಗೂ ಒಂದೊಂದು ಸಣ್ಣ ಮುದ್ರೆ ಸಿಗುತ್ತದೆ. ನಿಮ್ಮ ಸಿಲಿಂಡರನ್ನು ನಿಧಾನಕ್ಕೆ ತಿರುಗಿಸುತ್ತ ಎಣಿಸಿ. ಆರು ಕಿರೀಟ ಸಿಕ್ಕರೆ ಅದು ಕಾನ್ಪುರದ್ದಲ್ಲ, ಸ್ನೇಹಿತರಿಗೆ ಕಾಫಿ ಕುಡಿಸಿ ಕಳಿಸಿ. ಮೈ ಪೂರ್ತಿ ನುಣುಪಾಗಿದ್ದು ಒಂದೂ ಕಾಣದಿದ್ದರೆ ಎರಡು ಸಾಧ್ಯತೆ: ಬೇರೆ ಸಿಲಿಂಡರ್ ಹಾಕಿದ್ದಾರೆ, ಇಲ್ಲವೇ ಯಾರೋ ಮತ್ತೆ ಬ್ಲೂಯಿಂಗ್ (ಉಕ್ಕಿಗೆ ಕೊಡುವ ನೀಲಿ-ಕಪ್ಪು ಲೇಪ) ಮಾಡಿಸುವಾಗ ಬಫ್ ಚಕ್ರಕ್ಕೆ ಹಿಡಿದು ಮುದ್ರೆಯನ್ನೆಲ್ಲ ತೇದು ಹಾಕಿದ್ದಾರೆ. ಎರಡನೆಯದಾಗಿದ್ದರೆ ಸಿಲಿಂಡರಿನ ಮೈಮೇಲಿನ ಉದ್ದ ತೋಡುಗಳ ಅಂಚು ಚೂಪು ಕಳೆದುಕೊಂಡು ಸೋಪಿನ ಬಿಲ್ಲೆಯ ಹಾಗೆ ದುಂಡಗಾಗಿರುತ್ತದೆ. ಭೂತಗನ್ನಡಿ ಹಿಡಿದರೆ ಕಿರೀಟದ ನೆರಳಾದರೂ ಉಳಿದಿರುತ್ತದೆ.

ಇನ್ನು ನಂಬರ್. ಫ್ರೇಮಿನ ಮೇಲೆ ಪೂರ್ತಿ ಸೀರಿಯಲ್ ನಂಬರ್ ಇರುತ್ತದೆ, ಲೈಸೆನ್ಸಿನಲ್ಲಿ ಬರೆದಿರುವುದು ಅದೇ. ಹಳೆಯ ಇಂಗ್ಲಿಷ್ ಕೆಲಸದಲ್ಲಿ ಅದೇ ನಂಬರನ್ನೋ ಅದರ ಕೊನೆಯ ಅಂಕಿಗಳನ್ನೋ ಸಿಲಿಂಡರ್, ಬ್ಯಾರೆಲ್ ಮುಂತಾದ ಕಡೆಯೂ ಒತ್ತುವುದು ರೂಢಿ. ಒಂದು ಆಯುಧಕ್ಕೆ ಅಂತಲೇ ಕೈಯಿಂದ ಕೂರಿಸಿದ ಭಾಗಗಳು ಮೇಜಿನ ಮೇಲೆ ಬೆರೆತುಹೋಗಬಾರದಲ್ಲ. ಅಂಕಿ ಹೊಂದಿದರೆ ಸಿಲಿಂಡರ್ ಹುಟ್ಟಿನಿಂದಲೇ ಜೊತೆಗಿದೆ. ಹೊಂದದಿದ್ದರೆ ಎಲ್ಲೋ ಬದಲಾಗಿದೆ. ಎಲ್ಲಿಯದು ಎನ್ನುವುದನ್ನು ಅಂಕಿ ಹೇಳುವುದಿಲ್ಲ, ಅಂಕಿಯ ಆಕಾರ ಹೇಳಬಹುದು. ಒಂದೇ ಕಾರ್ಖಾನೆಯ ಪಂಚ್‌ಗಳಲ್ಲಿ 4ರ ತೆರೆದ ಬಾಯಿ, 7ರ ಕಾಲು, 3ರ ತಲೆ ಚಪ್ಪಟೆಯೋ ದುಂಡೋ ಎನ್ನುವುದು ಒಂದೇ ಬಗೆಯಾಗಿರುತ್ತದೆ. ಫ್ರೇಮಿನ 3 ಒಂದು ಥರ, ಸಿಲಿಂಡರಿನ 3 ಇನ್ನೊಂದು ಥರ ಇದ್ದರೆ ನನಗೆ ಅನುಮಾನ ಬರುತ್ತದೆ. ಯಾರೋ ಆಮೇಲೆ ನಂಬರ್ ಹೊಂದಿಸಿದ್ದಾರೆ ಎನ್ನುವ ಅನುಮಾನ.

ಮುದ್ರೆ ಬ್ಲೂಯಿಂಗಿಗೆ ಮೊದಲು ಬಿದ್ದದ್ದೋ ಆಮೇಲೆ ಬಿದ್ದದ್ದೋ ಎಂಬುದನ್ನೂ ನೋಡಿ. ಮೊದಲು ಒತ್ತಿದ್ದರೆ ಅಕ್ಷರದ ತಳವೂ ಸುತ್ತಲಿನ ಮೈಯೂ ಒಂದೇ ನೀಲಿ-ಕಪ್ಪು. ಆಮೇಲೆ ಒತ್ತಿದ್ದರೆ ಅಂಚಿನಲ್ಲಿ ಲೋಹ ಸ್ವಲ್ಪ ಉಬ್ಬಿರುತ್ತದೆ, ಅಲ್ಲಿ ಬಣ್ಣ ಬೇಗ ಸವೆದು ಬೆಳ್ಳಗೆ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಪ್ರೂಫ್ ಮುದ್ರೆ ಎಲ್ಲಿ ಪರೀಕ್ಷೆಯಾಯಿತು ಎಂದು ಹೇಳುತ್ತದೆ, ಎಲ್ಲಿ ತಯಾರಾಯಿತು ಎಂದಲ್ಲ. ಬೆಲ್ಜಿಯಂ, ಸ್ಪೇನ್‌ಗಳ ಅಗ್ಗದ ರಿವಾಲ್ವರುಗಳು ಇಂಗ್ಲೆಂಡಿಗೆ ಬಂದು ಅಲ್ಲಿ ಪ್ರೂಫ್ ಆಗಿ ಮಾರಾಟವಾಗುತ್ತಿದ್ದವು. ಗಿರಾಕಿಗೆ ಮೋಸವಾಗಬಾರದೆಂದು 1925ರಿಂದ 1955ರವರೆಗೆ ಅಂಥವುಗಳ ಮೇಲೆ 'ನಾಟ್ ಇಂಗ್ಲಿಷ್ ಮೇಕ್' ಎಂದೇ ಬರೆಯುತ್ತಿದ್ದರು. ಬೆಲ್ಜಿಯಂನ ಲೀಜ್ ಊರಿನ ಮುದ್ರೆ ಬೇರೆಯೇ: ಅಂಡಾಕಾರದೊಳಗೆ ಇ, ಎಲ್, ಜಿ ಅಕ್ಷರ, ಕೆಳಗೊಂದು ನಕ್ಷತ್ರ, 1893ರಿಂದ ಈಚೆಗೆ ಮೇಲೊಂದು ಕಿರೀಟ. ಕಿರೀಟ ಕಂಡ ಕೂಡಲೇ ಇಂಗ್ಲೆಂಡ್ ಎನ್ನುವವರು ಇಲ್ಲಿ ಬೀಳುತ್ತಾರೆ. ಮೊದಲ ಮಹಾಯುದ್ಧದಲ್ಲಿ ವೆಬ್ಲಿಗಳು ಸಾಲದೆ ಬ್ರಿಟಿಷ್ ಸರ್ಕಾರವೇ 1915ರಲ್ಲಿ ಸ್ಪೇನಿನ ಐಬಾರ್ ಊರಿನಿಂದ .455 ರಿವಾಲ್ವರ್ ತರಿಸಿಕೊಂಡಿತ್ತು, ಅವುಗಳ ಮೈಮೇಲೂ ಬ್ರಿಟಿಷ್ ಸೇನೆಯ ಬಾಣದ ಗುರುತಿದೆ.

ಅಮೆರಿಕದ್ದು ಇನ್ನೊಂದು ಕಥೆ. ಅಲ್ಲಿ ಸರ್ಕಾರಿ ಪ್ರೂಫ್ ಹೌಸ್ ಎಂಬುದೇ ಇಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಸ್ಮಿತ್ ಅಂಡ್ ವೆಸನ್ ಬ್ರಿಟನ್ ಮತ್ತು ಅದರ ಬಳಗದ ದೇಶಗಳಿಗೆ 5 ಲಕ್ಷಕ್ಕೂ ಮೀರಿ .38 ರಿವಾಲ್ವರ್ ಕೊಟ್ಟಿತು. ಅವುಗಳಲ್ಲಿ ನಂಬರ್ ಹಿಡಿಯ ತಳದಲ್ಲಿ, ಬ್ಯಾರೆಲ್ಲಿನ ಅಡಿಯಲ್ಲಿ, ಸಿಲಿಂಡರಿನ ಹಿಂಬದಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರೂಫ್ ಮುದ್ರೆ ಕಂಡರೆ ಅದು ಆಮೇಲೆ ಇಂಗ್ಲೆಂಡಿನ ಮಾರುಕಟ್ಟೆ ಹಾದು ಬಂದಿದೆ ಎಂದರ್ಥ.

ಹೊರಗಿನ ಹೆಸರು ಕೂಡ ಹೀಗೆಯೇ ದಾರಿ ತಪ್ಪಿಸುತ್ತದೆ. ಬ್ಯಾರೆಲ್ ಮೇಲಿನ ಪಟ್ಟಿಯಲ್ಲಿ 'ರೋಡಾ, ಕಲ್ಕತ್ತಾ', 'ಲಯನ್ ಅಂಡ್ ಲಯನ್, ಕಲ್ಕತ್ತಾ', 'ಪಿ. ಆರ್ ಅಂಡ್ ಸನ್ಸ್, ಮದ್ರಾಸ್' ಎಂದು ಕಂಡರೆ ಅದು ಭಾರತದಲ್ಲಿ ಮಾಡಿದ್ದಲ್ಲ. ಇವರೆಲ್ಲ ವ್ಯಾಪಾರಿಗಳು. ಇಂಗ್ಲೆಂಡಿನಿಂದ ತರಿಸಿ ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದರು. ಮದ್ರಾಸಿನ ಅಂಗಡಿ ಗಡಿಯಾರಕ್ಕೆ ಹೆಸರುವಾಸಿ, ಬಂದೂಕನ್ನೂ ಮಾರುತ್ತಿತ್ತು. ರೋಡಾ ಕಂಪನಿಯ ಹೆಸರಂತೂ ಇತಿಹಾಸದ ಪುಟ ಸೇರಿದ್ದು 1914ರ ಆಗಸ್ಟಿನಲ್ಲಿ, ಬಂಗಾಳದ ಕ್ರಾಂತಿಕಾರಿಗಳು ಅದಕ್ಕೆ ಬಂದ ಸರಕಿನಿಂದ 50 ಮೌಸರ್ ಪಿಸ್ತೂಲ್ ಹಾರಿಸಿಕೊಂಡು ಹೋದಾಗ. ದಕ್ಷಿಣದ ಎಸ್ಟೇಟ್ ಮನೆಗಳಲ್ಲಿ ಮದ್ರಾಸಿನ ಅಂಗಡಿಯ ಹೆಸರಿರುವ ಆಯುಧಗಳು ಇವತ್ತಿಗೂ ಇವೆ. ನಿಮ್ಮದರ ಮೇಲೆ ಅಂಥ ಹೆಸರಿದ್ದರೆ ಅದನ್ನು ಕಳಂಕ ಎಂದುಕೊಳ್ಳಬೇಡಿ. ಸಂಗ್ರಹಕಾರರು ಅದನ್ನೇ ಹುಡುಕುತ್ತಾರೆ.

ಕಾನ್ಪುರಕ್ಕೆ ಬರೋಣ. ಖಾಸಗಿಯವರು ವಿದೇಶದಿಂದ ಆಯುಧ ತರಿಸುವುದಕ್ಕೆ 1980ರ ದಶಕದ ಮಧ್ಯದಲ್ಲಿ ಕಡಿವಾಣ ಬಿತ್ತು. ಆ ಕೊರತೆ ತುಂಬಿದ್ದು ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಗಳ .32 ರಿವಾಲ್ವರ್. ಕಾನ್ಪುರದವರು ಹೊಸ ನಕ್ಷೆ ಹುಡುಕುತ್ತ ಕೂರಲಿಲ್ಲ, ವೆಬ್ಲಿಯ ಮಾರ್ಕ್ 4 ಮಾದರಿಯನ್ನೇ ಹಿಡಿದರು. ಬೋರ್ (ನಳಿಕೆಯ ಒಳ ಅಳತೆ) ಮಾತ್ರ .32 ಆಯಿತು, ಅದಕ್ಕೂ ಕಾರಣವಿದೆ. .380, .455ನಂಥ ಸೇನೆಯ ಬೋರ್‌ಗಳು ನಮ್ಮಲ್ಲಿ ಪ್ರೊಹಿಬಿಟೆಡ್ ಬೋರ್, ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. 2014ರ ಜನವರಿಯಲ್ಲಿ ಹೆಂಗಸರಿಗಾಗಿ ಎಂದು ಪ್ರಚಾರ ಮಾಡಿ ತಂದ, ಟೈಟಾನಿಯಂ ಮಿಶ್ರಲೋಹದ, ಸುಮಾರು 500 ಗ್ರಾಂ ತೂಗುವ 'ನಿರ್ಭೀಕ್' ಕೂಡ ಹೀಗೇ ಮಡಚುವ ಜಾತಿಯದೇ. ಸಿಲಿಂಡರ್ ಪಕ್ಕಕ್ಕೆ ಹೊರಳುವ 'ಪ್ರಬಲ್' ಬಂದದ್ದು 2023ರಲ್ಲಿ. ಹಾಗಾಗಿ ವೆಬ್ಲಿಯೂ ಕಾನ್ಪುರದ .32ವೂ ದೂರದಿಂದ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ನಿಮ್ಮ ಸ್ನೇಹಿತರಿಗೆ ಹಾಗೆ ಅನಿಸಿದ್ದರಲ್ಲಿ ಅಚ್ಚರಿಯಿಲ್ಲ.

ಹತ್ತಿರದಿಂದ ಮಾತ್ರ ಬೇರೆ. ಕಾನ್ಪುರದ ಆಯುಧದಲ್ಲಿ ಬರ್ಮಿಂಗ್‌ಹ್ಯಾಮಿನ ಕಿರೀಟವಾಗಲಿ ರೆಕ್ಕೆಯ ಗುಂಡಾಗಲಿ ಇರುವುದಿಲ್ಲ. ಆದರೆ ಬಿಡಿ ಸಿಲಿಂಡರೊಂದೇ ಕೈಗೆ ಸಿಕ್ಕಾಗ, ಗುರುತು ಯಾವುದೂ ಓದಲು ಬಾರದಿದ್ದಾಗ, ನಾನು ನೋಡುವುದು ಕೆಲಸದ ಕೈಯನ್ನು. ಯುದ್ಧಕ್ಕೆ ಮೊದಲಿನ ಇಂಗ್ಲಿಷ್ ಕೆಲಸದಲ್ಲಿ ಚೇಂಬರಿನ ಬಾಯಿ, ಎಕ್ಸ್‌ಟ್ರ್ಯಾಕ್ಟರ್ ನಕ್ಷತ್ರ ಕೂರುವ ಜಾಗ ಇವೆಲ್ಲ ಕೈ ಅರದಿಂದ ಮುಗಿಸಿದಂಥವು. ನಕ್ಷತ್ರ ಎಲ್ಲಿ ಮುಗಿದು ಸಿಲಿಂಡರ್ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಕೂದಲೆಳೆಯಷ್ಟು. ಈಚಿನ ಕಾರ್ಖಾನೆ ಕೆಲಸದಲ್ಲಿ ಮಿಷನ್ನಿನ ಸಮಾನಾಂತರ ಗೆರೆಗಳು ಅಲ್ಲಲ್ಲಿ ಹಾಗೇ ಉಳಿದಿರುತ್ತವೆ. ಕೆಟ್ಟದ್ದು ಎನ್ನುತ್ತಿಲ್ಲ, ಕಾಲ ಬೇರೆ ಎನ್ನುತ್ತಿದ್ದೇನೆ. ಇಂಗ್ಲೆಂಡಿನದೇ 1940ರ ಸುಮಾರಿನ ವೆಬ್ಲಿ ತೆಗೆದುಕೊಳ್ಳಿ. ಹೊರಮೈಯಲ್ಲೇ ಒರಟು ಗೆರೆ ಇದೆ, ಕಂಪನಿ ನಾಚಿಕೊಂಡು 'ವಾರ್ ಫಿನಿಶ್' ಎಂದು ಒತ್ತಿ ಕಳಿಸಿತು. ಒರಟಾಗಿದೆ ಎಂಬ ಒಂದೇ ಕಾರಣಕ್ಕೆ ಭಾರತದ್ದು ಎನ್ನುವವರು ಅದನ್ನು ನೋಡಬೇಕು.

ಇನ್ನೊಂದು ಉದಾಹರಣೆ ನನ್ನದೇ ಅನುಭವದ್ದು. ಕೆಲಸಕ್ಕೆ ಸೇರಿದ ಹೊಸತು. ಒಂದು .38 ರಿವಾಲ್ವರ್ ಮೇಜಿಗೆ ಬಂತು, ಹ್ಯಾಮರಿಗೆ ಹೆಬ್ಬೆರಳು ಊರುವ ಕೊಕ್ಕೇ ಇಲ್ಲ. ಮುರಿದದ್ದಕ್ಕೆ ಯಾರೋ ಲೋಕಲ್ ಹ್ಯಾಮರ್ ಮಾಡಿ ಹಾಕಿದ್ದಾರೆ ಎಂದು ರಿಜಿಸ್ಟರಿನಲ್ಲಿ ಗತ್ತಿನಿಂದ ಬರೆದೆ. ನನ್ನ ಮೇಲಿದ್ದ ಹವಾಲ್ದಾರರು ಏನೂ ಅನ್ನಲಿಲ್ಲ, ಕಪಾಟಿನಿಂದ ಅಂಥದ್ದೇ ಇನ್ನೂ ನಾಲ್ಕು ತಂದು ಮುಂದಿಟ್ಟರು. ಅದು ಎನ್‌ಫೀಲ್ಡ್ ನಂಬರ್ 2ರ ಮಾರ್ಕ್ 1 ಸ್ಟಾರ್ ಮಾದರಿ. ಟ್ಯಾಂಕಿನೊಳಗೆ ಕೂತವರಿಗೆ ಕೊಕ್ಕು ಸಿಕ್ಕಿಕೊಳ್ಳುತ್ತದೆ ಎಂದು 1938ರಲ್ಲಿ ಕಾರ್ಖಾನೆಯೇ ತೆಗೆದುಹಾಕಿದ್ದು. ಎನ್‌ಫೀಲ್ಡಿನದು ಇಂಗ್ಲೆಂಡಿನ ಸರ್ಕಾರಿ ಕಾರ್ಖಾನೆ. ಅದರ ರಿವಾಲ್ವರೂ ವೆಬ್ಲಿಯ ಹಾಗೇ ಕಾಣುತ್ತದೆ, ಆದರೆ ಒಳಗಿನ ಲಾಕ್ (ಗುಂಡು ಹಾರಿಸುವ ಯಂತ್ರಭಾಗ) ಬೇರೆ, ಭಾಗಗಳು ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮ ನಕ್ಷೆ ಕದ್ದಿದ್ದೀರಿ ಎಂದು ವೆಬ್ಲಿ 2,250 ಪೌಂಡ್ ಕೇಳಿತ್ತು, ಕೊನೆಗೆ ಕೈಗೆ ಬಂದದ್ದು 1,250.

ಮೂರನೆಯ ಬಗೆ, ಮಿಸ್ತ್ರಿ ಕೈಯಲ್ಲಿ ತಯಾರಾದ ಭಾಗ. ನಿಮ್ಮ ತಂದೆಯವರು ರಿಪೇರಿಗೆ ಕೊಟ್ಟಿದ್ದರು ಎಂದಿರಲ್ಲ, ನನಗೆ ಅನುಮಾನ ಇರುವುದು ಇದರ ಮೇಲೆಯೇ ಹೊರತು ಕಾನ್ಪುರದ ಮೇಲಲ್ಲ. ರಿಪೇರಿಯಲ್ಲಿ ಬದಲಾಗುವುದು ಸಿಲಿಂಡರಲ್ಲ. ಸ್ಪ್ರಿಂಗು, ಸ್ಕ್ರೂ, ಬ್ಯಾರೆಲ್ ಕ್ಯಾಚ್, ಹಿಡಿಯ ಪಟ್ಟಿ, ಹೆಚ್ಚೆಂದರೆ ಫೈರಿಂಗ್ ಪಿನ್. ಸ್ಕ್ರೂಗಳ ತಲೆ ನೋಡಿ. ಮೂಲದವು ಎಲ್ಲ ಒಂದೇ ಮನೆಯವು: ತಲೆಯ ಗುಮ್ಮಟ ಒಂದೇ ಅಳತೆ, ಸೀಳು ಕಿರಿದು, ಬಣ್ಣ ಒಂದೇ. ನಡುವೆ ಒಂದರ ತಲೆ ಚಪ್ಪಟೆ, ಸೀಳು ಅಗಲ, ಬಣ್ಣ ಕಪ್ಪಿನ ಬದಲು ಬೂದು ಇದ್ದರೆ ಅದು ಆಮೇಲೆ ಬಂದದ್ದು. ಅರದ ಗೆರೆಗಳು ಮಿಷನ್ ಗೆರೆಯಂತೆ ಸಮಾನಾಂತರ ಇರುವುದಿಲ್ಲ, ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ಒಳಮೂಲೆಯಲ್ಲಿ ಅರ ಹೋಗದ ಕಡೆ ಲೋಹ ದಪ್ಪಗೆ ಉಳಿದಿರುತ್ತದೆ.

ಪೂರ್ತಿ ನಕಲಿಯ ಮಾತು ನಿಮಗೆ ಬೇಕಿಲ್ಲ, ಆದರೂ ಗೊತ್ತಿರಲಿ. ಗಡಿಯಾಚೆ ದರ್ರಾ ಆದಮ್ ಖೇಲ್ ಎಂಬ ಊರಿನ ಕುಶಲಕರ್ಮಿಗಳು ವೆಬ್ಲಿಯನ್ನು ಮೊದಲ್ಗೊಂಡು ಏನನ್ನು ಬೇಕಾದರೂ ಅರದಲ್ಲೇ ನಕಲು ಮಾಡುವವರು. ಇಂಗ್ಲಿಷ್ ಓದಲು ಬಾರದೆ ಮುದ್ರೆಯನ್ನು ಚಿತ್ರದ ಹಾಗೆ ಬಿಡಿಸುವುದರಿಂದ ಎನ್ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಕಾಗುಣಿತ ತಪ್ಪಿರುತ್ತದೆ. ನಮ್ಮಲ್ಲಿ ಬಿಹಾರದ ಮುಂಗೇರಿಗೆ ಮೀರ್ ಖಾಸಿಮನ ಕಾಲದಿಂದ ಬಂದೂಕಿನ ಕಸುಬಿದೆ. ಅಲ್ಲಿ ಸಿಕ್ಕಿಬಿದ್ದ ಕಳ್ಳ ಪಿಸ್ತೂಲುಗಳ ಮೇಲೆ 'ಮೇಡ್ ಇನ್ ಯುಎಸ್ಎ' ಎಂದು ದೊಡ್ಡದಾಗಿ ಬರೆದಿರುವುದನ್ನು ಪೇಪರಿನಲ್ಲಿ ನೋಡಿರುತ್ತೀರಿ. ನಿಜವಾದ ಕಾರ್ಖಾನೆ ಅಷ್ಟು ಜೋರಾಗಿ ಕೂಗುವುದಿಲ್ಲ. ಅಕ್ಷರಗಳನ್ನು ಒಂದೊಂದೇ ಪಂಚಿನಿಂದ ಹೊಡೆದಿದ್ದರೆ ಸಾಲು ಏರಿಳಿಯುತ್ತದೆ, ಆಳ ಒಂದೇ ಸಮ ಇರುವುದಿಲ್ಲ. ಕಾರ್ಖಾನೆಯ ಅಚ್ಚು ಇಡೀ ಸಾಲನ್ನು ಒಮ್ಮೆಗೇ ಒತ್ತುತ್ತದೆ.

ಬದಲಾದ ಭಾಗ ಸಿಕ್ಕರೆ ಮುಂದೇನು? ಹಿಡಿ, ಸ್ಕ್ರೂ ಆದರೆ ಬೆಲೆ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಸಿಲಿಂಡರ್ ಅಥವಾ ಬ್ಯಾರೆಲ್ ಆದರೆ ಹಾರಿಸುವ ಮುನ್ನ ಪರವಾನಗಿ ಇರುವ ಗನ್‌ಸ್ಮಿತ್ ಹತ್ತಿರ ತೋರಿಸಲೇಬೇಕು. ಚೇಂಬರ್ ಬ್ಯಾರೆಲ್ಲಿನ ನೇರಕ್ಕೆ ಬಂದು ನಿಲ್ಲದಿದ್ದರೆ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಹಳೆಯ ಭಾಗ ಮನೆಯಲ್ಲಿ ಬಿದ್ದಿದೆಯೇ ಎಂದೂ ಹುಡುಕಿ ನೋಡಿ. 1959ರ ಆಯುಧ ಕಾಯ್ದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಸಿಕ್ಕರೆ ಲೈಸೆನ್ಸ್ ಕೊಟ್ಟ ಕಚೇರಿಗೆ ಲಿಖಿತವಾಗಿ ತಿಳಿಸಿ. ನಂಬರ್ ಮಸುಕಾಗಿದೆ ಎಂದು ಯಾರಿಂದಲೂ ಮತ್ತೆ ಕೊರೆಸಬೇಡಿ, ಅದೇ ಕಾಯ್ದೆಯಡಿ ಅದು ಅಪರಾಧ. ಉಪ್ಪುಕಾಗದ, ಬ್ರಾಸೊ ಯಾವುದೂ ಬೇಡ. ಇನ್ನೊಂದು, ಕಾರ್ಟ್ರಿಡ್ಜ್ ಡಬ್ಬಿಯ ಮೇಲಿನ 7.65 ಎಂಬ ಅಂಕಿ ಕಂಡು ಮೋಸಹೋಗಬೇಡಿ. ಪಿಸ್ತೂಲಿನ .32ಕ್ಕೂ ರಿವಾಲ್ವರಿನ .32ಕ್ಕೂ 7.65 ಎಂದೇ ಬರೆಯುತ್ತಾರೆ, ಗುಂಡು ಬೇರೆ ಬೇರೆ.

ಕೊನೆಗೆ ನಿಮ್ಮ ಸ್ನೇಹಿತರ ದೊಡ್ಡ ಸಾಕ್ಷಿ, ಕಂದಾದ ಹಿಡಿ. ಅದು ಅವರ ವಿರುದ್ಧವೇ ಸಾಕ್ಷಿ ಹೇಳುತ್ತಿದೆ. ಆ ಕಾಲದ ವೆಬ್ಲಿ ಹಿಡಿಗಳು ಹೆಚ್ಚಾಗಿ ವಲ್ಕನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ವರ್ಷಗಟ್ಟಲೆ ಬೆಳಕು ಬಿದ್ದರೆ ಕಪ್ಪು ವಲ್ಕನೈಟ್ ಕಾಫಿ ಕಂದಿಗೆ ತಿರುಗುತ್ತದೆ. ಈಚಿನ ಪ್ಲಾಸ್ಟಿಕ್ ಹಾಗೆ ತಿರುಗುವುದಿಲ್ಲ. ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಜೋರಾಗಿ ಉಜ್ಜಿ ಮೂಸಿ ನೋಡಿ. ಮದ್ದಿನಕಡ್ಡಿಯ ವಾಸನೆ ಬಂದರೆ ವಲ್ಕನೈಟ್, ಫಿನಾಯಿಲಿನ ಥರ ಘಾಟು ಬಂದರೆ ಬೇಕಲೈಟ್, ಏನೂ ಬಾರದಿದ್ದರೆ ಪ್ಲಾಸ್ಟಿಕ್. ಮರೆಯಾದ ಒಳಬದಿ ಇನ್ನೂ ಕಪ್ಪಾಗಿಯೇ ಇರಬೇಕು. ಗನ್‌ಸ್ಮಿತ್ ಹತ್ತಿರ ಹೋದಾಗ ಹಿಡಿಯ ಆ ಒಂದು ಸ್ಕ್ರೂ ಬಿಚ್ಚಿಸಿ ನೋಡಿ, ಅಡಿಯಲ್ಲಿ ಪೆನ್ಸಿಲ್ಲಿನಿಂದಲೋ ಮೊಳೆಯಿಂದಲೋ ಗೀಚಿದ ನಂಬರ್ ಇದ್ದರೂ ಇರಬಹುದು. ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆಗಿಟ್ಟು ಗಂಧ ಹಚ್ಚಿದರೆ ಅದೇ ಸಂಜೆ ಒರೆಸಿ, ಲೋಹಕ್ಕೆ ಎಣ್ಣೆ, ಹಿಡಿಗೆ ಸ್ವಲ್ಪ ಮೇಣ ಹಚ್ಚಿ ಬೀರುವಿನಲ್ಲಿ ಬೀಗ ಹಾಕಿಡಿ. ಗಾಜಿನ ಶೋಕೇಸಿನಲ್ಲಿ ಕಿಟಕಿಗೆ ಎದುರಾಗಿ ಮಾತ್ರ ಇಡಬೇಡಿ.